ಲ್ಯಾಪರೊಸ್ಕೋಪಿಕ್ ಭಾಗಶಃ ಮೂತ್ರಪಿಂಡ ಛೇದನ

ಲ್ಯಾಪರೊಸ್ಕೋಪಿಕ್ ಭಾಗಶಃ ಮೂತ್ರಪಿಂಡ ಛೇದನವು ಮೂತ್ರಪಿಂಡದಲ್ಲಿ ಬೆಳೆದ ಗೆಡ್ಡೆಯನ್ನು ಅದರ ಸುತ್ತಲಿನ ತೆಳುವಾದ ಆರೋಗ್ಯವಂತ ಅಂಚಿನೊಡನೆ ತೆಗೆದು, ಉಳಿದ ಭಾಗವನ್ನು ಕಾಪಾಡುವ ಶಸ್ತ್ರಚಿಕಿತ್ಸೆಯಾಗಿದೆ. ಉದ್ದನೆಯ ಗಾಯವಿಲ್ಲದೆ, ಹೊಟ್ಟೆಯ ಮೇಲಿನ ಸಣ್ಣ ರಂಧ್ರಗಳ ಮೂಲಕ ಇದನ್ನು ನಡೆಸಲಾಗುತ್ತದೆ.

ಅಗತ್ಯ

ಒಂದೊಂದು ಮೂತ್ರಪಿಂಡದಲ್ಲಿಯೂ ರಕ್ತವನ್ನು ಶೋಧಿಸುವ ಸುಮಾರು 10 ಲಕ್ಷ ನೆಫ್ರಾನ್‌ಗಳಿರುತ್ತವೆ. ನಾಶವಾದ ನೆಫ್ರಾನ್‌ಗಳು ಮತ್ತೆ ಹುಟ್ಟುವುದಿಲ್ಲ. ಒಂದೇ ಮೂತ್ರಪಿಂಡದಿಂದಲೂ ಬದುಕಬಹುದಾದರೂ, ಮಧುಮೇಹ ಅಥವಾ ಅಧಿಕ ರಕ್ತದೊತ್ತಡವುಳ್ಳವರಲ್ಲಿ ಅದೂ ಕಾಲಕ್ರಮೇಣ ದುರ್ಬಲಗೊಳ್ಳಬಹುದು. ಆಗ ಡಯಾಲಿಸಿಸ್ ಬೇಕಾಗಬಹುದು. ಆದುದರಿಂದ 4 ಸೆಂ.ಮೀ.ವರೆಗಿನ ಗೆಡ್ಡೆಗಳಿಗೆ ಸಾಧ್ಯವಿದ್ದಲ್ಲೆಲ್ಲ ಭಾಗಶಃ ಛೇದನವನ್ನೇ ಆರಿಸಲಾಗುತ್ತದೆ. ಗೆಡ್ಡೆಯ ಸ್ಥಾನ ಅನುಕೂಲವಾಗಿದ್ದರೆ 7 ಸೆಂ.ಮೀ.ವರೆಗೂ ಇದನ್ನು ಪರಿಗಣಿಸುವುದುಂಟು. ಒಂದೇ ಮೂತ್ರಪಿಂಡವಿರುವವರಿಗೆ ಈ ಚಿಕಿತ್ಸೆ ವಿಶೇಷವಾಗಿ ಮಹತ್ವದ್ದು.

ಇತಿಹಾಸ

1869ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಗುಸ್ಟಾವ್ ಸೈಮನ್ ಅವರು ಪೂರ್ವಯೋಜಿತವಾಗಿ ಇಡೀ ಮೂತ್ರಪಿಂಡವನ್ನು ತೆಗೆದರು. 1887ರಲ್ಲಿ ವಿನ್ಸೆಂಟ್ಸ್ ಚೆರ್ನಿ ಅವರು ಗೆಡ್ಡೆಗಾಗಿ ಮೊದಲ ಭಾಗಶಃ ಛೇದನ ಮಾಡಿದರು. 1990ರಲ್ಲಿ ಅಮೆರಿಕದ ರಾಲ್ಫ್ ಕ್ಲೇಮನ್ ಅವರ ತಂಡ ಲ್ಯಾಪರೊಸ್ಕೋಪಿಯಿಂದ ಮೂತ್ರಪಿಂಡವನ್ನು ತೆಗೆಯಿತು. ಅದೇ ದಶಕದಲ್ಲಿ ಭಾಗಶಃ ಛೇದನಕ್ಕೂ ಈ ವಿಧಾನ ಬಳಕೆಗೆ ಬಂದಿತು. ಮುಂದೆ ರೋಬಾಟ್ ನೆರವೂ ಸೇರಿತು.

ವಿಧಾನ

ರೋಗಿಗೆ ಪೂರ್ಣ ಅರಿವಳಿಕೆ ನೀಡಿ, ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿ, ಕ್ಯಾಮೆರಾ ಮತ್ತು ಉಪಕರಣಗಳನ್ನು ಒಳಸೇರಿಸುತ್ತಾರೆ. ರಕ್ತಸ್ರಾವ ತಡೆಯಲು ಮೂತ್ರಪಿಂಡದ ಅಪಧಮನಿಯನ್ನು ತಾತ್ಕಾಲಿಕವಾಗಿ ಹಿಡಿಕೆಯಿಂದ ಮುಚ್ಚುತ್ತಾರೆ. ರಕ್ತವಿಲ್ಲದೆ ಹೆಚ್ಚು ಹೊತ್ತು ಉಳಿದರೆ ಕಾಪಾಡಬೇಕಾದ ಭಾಗಕ್ಕೇ ಹಾನಿಯಾಗುವುದರಿಂದ, ಸಾಮಾನ್ಯವಾಗಿ 20ರಿಂದ 30 ನಿಮಿಷಗಳೊಳಗೆ ಗೆಡ್ಡೆಯನ್ನು ಕತ್ತರಿಸಿ ಹೊಲಿಗೆ ಹಾಕಿ ಹಿಡಿಕೆಯನ್ನು ತೆಗೆಯಲು ಯತ್ನಿಸುತ್ತಾರೆ. ಗೆಡ್ಡೆಯನ್ನು ಚೀಲದಲ್ಲಿಟ್ಟು ಹೊರತೆಗೆದು ಅಂಗಾಂಶ ಪರೀಕ್ಷೆಗೆ ಕಳುಹಿಸಲಾಗುತ್ತದೆ. ಸಣ್ಣ ಗೆಡ್ಡೆಗಳೆಲ್ಲವೂ ಕ್ಯಾನ್ಸರ್ ಆಗಿರುವುದಿಲ್ಲ.

ತೊಡಕುಗಳು

ರಕ್ತಸ್ರಾವ, ಮೂತ್ರ ಸೋರಿಕೆ ಮತ್ತು ಸೋಂಕು ಮುಖ್ಯ ತೊಡಕುಗಳು. ಕೆಲವೊಮ್ಮೆ ತೆರೆದ ಶಸ್ತ್ರಚಿಕಿತ್ಸೆಗೆ ಅಥವಾ ಪೂರ್ಣ ಛೇದನಕ್ಕೆ ಬದಲಾಯಿಸಬೇಕಾಗುತ್ತದೆ.

ಕರ್ನಾಟಕದಲ್ಲಿ

ಸಣ್ಣ ಗೆಡ್ಡೆಗಳು ಬಹುಮಟ್ಟಿಗೆ ನೋವು ಕೊಡುವುದಿಲ್ಲ. ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಆಕಸ್ಮಿಕವಾಗಿ ಕಾಣಿಸುತ್ತವೆ. ಚಳ್ಳಕೆರೆ, ಮೊಳಕಾಲ್ಮೂರಿನಂತಹ ತಾಲ್ಲೂಕುಗಳ ರೋಗಿಗಳು ಮುಂದಿನ ಚಿಕಿತ್ಸೆಗೆ ದೊಡ್ಡ ನಗರಗಳಿಗೆ ಹೋಗಬೇಕಾಗುತ್ತದೆ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ನೆಫ್ರೋ ಯೂರಾಲಜಿ ಸಂಸ್ಥೆ ಮೂತ್ರಪಿಂಡ ರೋಗಗಳಿಗೂ, 1973ರಲ್ಲಿ ಆರಂಭವಾದ ಕಿದ್ವಾಯಿ ಆಸ್ಪತ್ರೆ ಕ್ಯಾನ್ಸರ್‌ಗೂ ಮೀಸಲಾದ ಸರ್ಕಾರಿ ಸಂಸ್ಥೆಗಳು. ಊರಿಗೆ ಮರಳಿದ ಬಳಿಕವೂ ರಕ್ತದ ಕ್ರಿಯಾಟಿನಿನ್, ರಕ್ತದೊತ್ತಡ ಮತ್ತು ಸ್ಕ್ಯಾನ್ ಪರೀಕ್ಷೆಗಳನ್ನು ನಿಯತವಾಗಿ ಮಾಡಿಸುವುದು ಅವಶ್ಯಕ. ಉಳಿಸಿಕೊಂಡ ಮೂತ್ರಪಿಂಡದ ಆರೋಗ್ಯವು ಈ ಎಚ್ಚರಿಕೆಯನ್ನೂ ಅವಲಂಬಿಸಿದೆ.