ಮೂವತ್ತೆಂಟು ಸಿಕ್ಸರ್, ಐವತ್ತನಾಲ್ಕು ಎಸೆತ

ಬಸವಾಪಟ್ಟಣದ ಕಡೆ ಖೇಣಿ ಹಿಡಿಯುವವರಿಗೆ, ಅಂದರೆ ಮರದ ಮೇಲಿನ ಫಸಲನ್ನೇ ಗುತ್ತಿಗೆಗೆ ಕೊಳ್ಳುವವರಿಗೆ, ಒಂದು ವಿದ್ಯೆ ಗೊತ್ತು. ಅಡಿಕೆ ತೋಟದೊಳಗೆ ಒಂದು ಸುತ್ತು ಬರುತ್ತಾರೆ, ತಲೆ ಎತ್ತಿ ಗೊನೆ ನೋಡುತ್ತಾರೆ, ಹೊರಗೆ ಬಂದು ಇಷ್ಟು ಕ್ವಿಂಟಲ್ ಎನ್ನುತ್ತಾರೆ. ನಮ್ಮ ದೊಡ್ಡಪ್ಪನದು ಅಂಥ ಕಣ್ಣು. 2013ರ ನವೆಂಬರ್ 2, ಶನಿವಾರ, ನರಕ ಚತುರ್ದಶಿ. ಎಣ್ಣೆಸ್ನಾನ, ಹಬ್ಬದೂಟ ಮುಗಿಸಿ ಎಲ್ಲರೂ ಟಿವಿ ಮುಂದೆ ಕೂತಿದ್ದೆವು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ–ಆಸ್ಟ್ರೇಲಿಯಾ ಸರಣಿಯ ಏಳನೆಯ ಏಕದಿನ ಪಂದ್ಯ. ದೊಡ್ಡಪ್ಪ ಸಿಕ್ಸರ್‌ಗೊಂದರಂತೆ ತಟ್ಟೆಯಿಂದ ಅಡಿಕೆ ತೆಗೆದು ಚಾಪೆಯ ಮೇಲೆ ಇಡುತ್ತಾ ಹೋದರು. ರಾತ್ರಿ ಪಂದ್ಯ ಮುಗಿದಾಗ ಚಾಪೆಯ ಮೇಲೆ ಮೂವತ್ತೆಂಟು ಅಡಿಕೆ ಇದ್ದವು.

ಒಂದೇ ಏಕದಿನ ಪಂದ್ಯದಲ್ಲಿ ಅಷ್ಟು ಸಿಕ್ಸರ್ ಅದಕ್ಕೆ ಮೊದಲು ಯಾರೂ ನೋಡಿರಲಿಲ್ಲ. ಭಾರತ 19, ಆಸ್ಟ್ರೇಲಿಯಾ 19, ತಕ್ಕಡಿಯಲ್ಲಿ ತೂಗಿದ ಹಾಗೆ. ಭಾರತದ ಹತ್ತೊಂಬತ್ತರಲ್ಲಿ ಹದಿನಾರು ರೋಹಿತ್ ಶರ್ಮಾ ಒಬ್ಬರದೇ. ಅವರು ಹೊಡೆದ 209 ರನ್ನನ್ನು ಎರಡಾಗಿ ಸೀಳಿ ನೋಡಬೇಕು. ಮೊದಲ ನೂರಕ್ಕೆ 114 ಎಸೆತ ಬೇಕಾಯಿತು. ಉಳಿದ 109ಕ್ಕೆ ಬರೀ 44. ಹೊಲದ ಬದುವಿನ ಮೇಲೆ ನಿಧಾನಕ್ಕೆ ನಡೆಯುತ್ತಿದ್ದವನು ಏಕಾಏಕಿ ಓಟ ಕಿತ್ತ ಹಾಗಿತ್ತು. ಭಾರತ 383 ಮಾಡಿತು. ಆಸ್ಟ್ರೇಲಿಯಾ ಅಷ್ಟಕ್ಕೆ ಕೈ ಚೆಲ್ಲಲಿಲ್ಲ. ಮ್ಯಾಕ್ಸ್‌ವೆಲ್ 22 ಎಸೆತಕ್ಕೆ 60, ಫಾಕ್ನರ್ 73 ಎಸೆತಕ್ಕೆ 116. ಕೊನೆಗೆ 45.1 ಓವರಿನಲ್ಲಿ 326ಕ್ಕೆ ಆಲೌಟ್. ಎರಡೂ ಕಡೆಯದು ಸೇರಿ 709 ರನ್. ಅದರಲ್ಲಿ 228 ರನ್, ಅಂದರೆ ಮೂರರಲ್ಲಿ ಹೆಚ್ಚುಕಡಿಮೆ ಒಂದು ಪಾಲು, ನೆಲ ಮುಟ್ಟದೆ ಗೆರೆ ದಾಟಿದ ಚೆಂಡುಗಳಿಂದಲೇ ಬಂದದ್ದು.

ಕ್ರಿಕೆಟ್ ಮೈದಾನ ಎಷ್ಟು ದೊಡ್ಡದು ಎಂದು ಕೇಳಿದರೆ ಪಟ್ಟಣದವರು ಮೀಟರಿನಲ್ಲಿ ಹೇಳುತ್ತಾರೆ. ನಮಗೆ ಎಕರೆಯಲ್ಲಿ ಹೇಳಿದರೆ ಮನಸ್ಸಿಗೆ ಇಳಿಯುತ್ತದೆ. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಬೌಂಡರಿ ಗೆರೆ ಪಿಚ್ಚಿನ ನಡುವಿನಿಂದ 65 ಗಜಕ್ಕಿಂತ ಹತ್ತಿರ ಇರಕೂಡದು, 90 ಗಜಕ್ಕಿಂತ ದೂರವೂ ಹೋಗಕೂಡದು. ಸುತ್ತಲೂ ಬರೀ 65 ಗಜವೇ ಇದ್ದರೆ ಎರಡೂಮುಕ್ಕಾಲು ಎಕರೆ, 90 ಗಜವಿದ್ದರೆ ಐದೂಕಾಲು. ಒಂಬತ್ತು ಅಡಿಗೊಂದರಂತೆ ಸಸಿ ನೆಟ್ಟರೆ ಚಿಕ್ಕ ಮೈದಾನದಲ್ಲಿ ಸುಮಾರು ಸಾವಿರದ ಐನೂರು ಅಡಿಕೆ ಮರ ಹಿಡಿಸುತ್ತವೆ. ನಮ್ಮ ತಾಲ್ಲೂಕಿನ ಸೂಳೆಕೆರೆಯ ನೀರು ಹರಡುವುದು 6,550 ಎಕರೆಗೆ. ಅದರಲ್ಲಿ ಅಂಥ ಮೈದಾನ ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ಮುಳುಗಿಹೋಗುತ್ತವೆ. ಈ ಲೆಕ್ಕ ಹೇಳಿದಾಗ ದೊಡ್ಡಪ್ಪ, “ಇಷ್ಟು ಸಣ್ಣ ಜಾಗದಾಗೆ ಹನ್ನೊಂದು ಜನ ಕಾವಲು ನಿಂತರೂ ತಡೆಯಾಕೆ ಆಗಲಿಲ್ಲಾ?” ಎಂದರು. ಹೇಗೆ ತಡೆಯುತ್ತಾರೆ? ಕಾವಲು ನೆಲದ ಮೇಲೆ, ಕಳ್ಳ ಆಕಾಶದಲ್ಲಿ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, 45 ಡಿಗ್ರಿಯಲ್ಲಿ ಎದ್ದು 80 ಮೀಟರ್ ದೂರ ಬೀಳುವ ಚೆಂಡು ನಡುದಾರಿಯಲ್ಲಿ 20 ಮೀಟರ್ ಎತ್ತರದಲ್ಲಿರುತ್ತದೆ. ನಮ್ಮ ಹಳೇ ತೋಟದ ಮರಗಳ ಸುಳಿಗಿಂತ ಮೇಲೆ.

ಬೆಂಗಳೂರಿನ ಗಾಳಿಯದೂ ಇದರಲ್ಲಿ ಪಾಲಿದೆ. ಊರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಕಡಲತೀರಕ್ಕೆ ಹೋಲಿಸಿದರೆ ಅಲ್ಲಿನ ಗಾಳಿ ನೂರಕ್ಕೆ ಎಂಟು-ಒಂಬತ್ತು ಪಾಲು ತೆಳು. ತಡೆ ಕಡಿಮೆ, ಚೆಂಡಿಗೆ ಹಾದಿ ಸಲೀಸು. ಅದೇ ವರ್ಷ ಏಪ್ರಿಲ್ 23ರಂದು ಇದೇ ಮೈದಾನದ ಐಪಿಎಲ್ ಪಂದ್ಯದಲ್ಲಿ ಆರ್‌ಸಿಬಿಯ ಕ್ರಿಸ್ ಗೇಲ್ ಪುಣೆ ತಂಡದ ಮೇಲೆ 66 ಎಸೆತಕ್ಕೆ 175 ಹೊಡೆದಿದ್ದರು. ಮೊದಲ ನೂರು ಮೂವತ್ತೇ ಎಸೆತಕ್ಕೆ, ಸಿಕ್ಸರ್ ಹದಿನೇಳು. ಮುಂದೆ 2024ರ ಏಪ್ರಿಲ್ 15ರಂದು ಹೈದರಾಬಾದ್ ತಂಡ ಅಲ್ಲಿಗೆ ಬಂದು 287 ಮಾಡಿತು, ನಮ್ಮ ಆರ್‌ಸಿಬಿ 262ರವರೆಗೆ ಬೆನ್ನಟ್ಟಿ ಸೋತಿತು. ಸಿಕ್ಸರ್ ಅವರದು 22, ನಮ್ಮದು 16. ಕೂಡಿಸಿ ನೋಡಿ, ಮತ್ತೆ ಮೂವತ್ತೆಂಟು! 2013ರಲ್ಲಿ 571 ಎಸೆತಗಳಲ್ಲಿ ಆದದ್ದು, ಅಂದರೆ ಹದಿನೈದು ಎಸೆತಕ್ಕೊಂದು ಸಿಕ್ಸರ್, ಹನ್ನೊಂದು ವರ್ಷದೊಳಗೆ 240 ಎಸೆತಗಳಿಗೆ ಇಳಿಯಿತು. ಓವರಿಗೊಂದು ಎಂದೇ ಇಟ್ಟುಕೊಳ್ಳಿ.

ಅಮೆರಿಕದಲ್ಲಿ ಇದನ್ನೇ ಬಿಡಿಸಿ ತೆಗೆದು ಬೇರೆ ಸ್ಪರ್ಧೆ ಮಾಡಿದ್ದಾರೆ. ಬೇಸ್‌ಬಾಲಿನಲ್ಲಿ ನಮ್ಮ ಸಿಕ್ಸರ್‌ನ ಜಾಗದಲ್ಲಿರುವುದು ಹೋಮ್‌ರನ್, ಚೆಂಡನ್ನು ಬೇಲಿಯಾಚೆ ಕಳಿಸುವುದು. 1985ರಿಂದ ಅಲ್ಲಿನ ದೊಡ್ಡ ಹೊಡೆತಗಾರರನ್ನು ಸೇರಿಸಿ ಬರೀ ಹೋಮ್‌ರನ್ ಹೊಡೆಯುವ ಪಂದ್ಯ ನಡೆಸುತ್ತಿದ್ದಾರೆ. ಓಟವಿಲ್ಲ. 2019ರ ಜುಲೈ 8ರಂದು ಕ್ಲೀವ್‌ಲ್ಯಾಂಡಿನಲ್ಲಿ ವ್ಲಾಡಿಮಿರ್ ಗೆರೆರೊ ಜೂನಿಯರ್ ಎಂಬ ಇಪ್ಪತ್ತು ವರ್ಷದ ಹುಡುಗ ಒಂದೇ ರಾತ್ರಿ 91 ಹೋಮ್‌ರನ್ ಹೊಡೆದ. ಮೊದಲ ಸುತ್ತಿನಲ್ಲಿ 29. ಎರಡನೆಯ ಸುತ್ತಿನಲ್ಲಿ ಜಾಕ್ ಪೀಡರ್ಸನ್ ಜೊತೆ 29–29 ಸಮ, ಹೆಚ್ಚುವರಿ ಸಮಯದಲ್ಲಿ 8–8, ಮೂರು ಹೊಡೆತಗಳ ಸರದಿಯಲ್ಲಿ 1–1, ಕಡೆಗೆ 2–1. ಒಟ್ಟು 40ಕ್ಕೆ 39. ಆ ಮೈದಾನದ ಎಡಬದಿಯ ಬೇಲಿ 325 ಅಡಿ ದೂರದಲ್ಲಿದೆ, ಅಂದರೆ 99 ಮೀಟರ್. ತೊಂಬತ್ತೊಂದೂ ಚೆಂಡು ಅಷ್ಟೇ ದೂರ ಹೋದವು ಎಂದರೂ ಒಬ್ಬನೇ ಒಂದು ರಾತ್ರಿಯಲ್ಲಿ ಒಂಬತ್ತು ಕಿಲೋಮೀಟರ್ ಉದ್ದ ಚೆಂಡು ಹಾರಿಸಿದಂತಾಯಿತು. ಇಷ್ಟಾಗಿಯೂ ಅವನು ಗೆಲ್ಲಲಿಲ್ಲ. ಫೈನಲ್‌ನಲ್ಲಿ ಪೀಟ್ ಅಲೊನ್ಸೊ 23–22ರಿಂದ ಗೆದ್ದ, ಅದೂ ಮೂರೂ ಸುತ್ತಿನಲ್ಲಿ ಸೇರಿ ಬರೀ 57 ಹೊಡೆದು. ಎರಡು ವರ್ಷದ ನಂತರ ಇದೇ ಸ್ಪರ್ಧೆ 1,580 ಮೀಟರ್ ಎತ್ತರದ ಡೆನ್ವರ್‌ನಲ್ಲಿ ನಡೆದಾಗ ಹುವಾನ್ ಸೋಟೊ ಹೊಡೆದ ಒಂದು ಚೆಂಡು 520 ಅಡಿ ಹೋಯಿತು. ನಮ್ಮ 22 ಗಜದ ಪಿಚ್ಚುಗಳನ್ನು ಸಾಲಾಗಿ ಎಂಟು ಇಟ್ಟು, ಎಂಟು ಅಡಿ ಕಡಿಮೆ ಮಾಡಿದಷ್ಟು.

ಇವೆಲ್ಲ ಓದುತ್ತಾ ಬಾಯಿ ತೆರೆದುಕೊಂಡೇ ಇದ್ದೆ. ಒಂದು ಸಂಗತಿ ಮಾತ್ರ ನನ್ನನ್ನು ಅಲ್ಲೇ ನಿಲ್ಲಿಸಿತು. ಅಲ್ಲಿ ಹೊಡೆಯುವವನಿಗೆ ಚೆಂಡು ಎಸೆಯುವವನು ಅವನೇ ಆರಿಸಿಕೊಂಡ ಆಸಾಮಿ. ಕೋಚೋ ಗೆಳೆಯನೋ ಇರುತ್ತಾನೆ. ಹೊಡೆಯಲು ಅನುಕೂಲವಾಗುವ ಹಾಗೆ, ಹದವಾದ ವೇಗದಲ್ಲಿ, ಬೇಕಾದ ಎತ್ತರಕ್ಕೇ ಎಸೆದುಕೊಡುತ್ತಾನೆ. ಚೆಂಡು ಬೇಲಿ ದಾಟಿದರೆ ಅವನಿಗೂ ಖುಷಿ. ಅವನು ಎಷ್ಟು ಹೊಡೆಸಿಕೊಂಡ ಎಂದು ಯಾರೂ ಅವನ ಹೆಸರಿನ ಮುಂದೆ ಬರೆದಿಡುವುದಿಲ್ಲ.

ಚಿನ್ನಸ್ವಾಮಿಯ ಆ ಹಬ್ಬದ ರಾತ್ರಿ ಹಾಗಿರಲಿಲ್ಲ. ಅಲ್ಲಿ ಪ್ರತಿ ಚೆಂಡನ್ನೂ ಎಸೆದವನು ವಿಕೆಟ್ ಕೀಳಲು ಬಂದವನು. ಹೊಡೆಸಿಕೊಂಡದ್ದೆಲ್ಲ ಅವನ ಲೆಕ್ಕಕ್ಕೆ. ಅಂದು ಎಲ್ಲರಿಗಿಂತ ಭಾರದ ಲೆಕ್ಕ ಬಿದ್ದದ್ದು ನಮ್ಮ ಜಿಲ್ಲೆಯ ಮಗನ ಮೇಲೆ. ದಾವಣಗೆರೆಯಲ್ಲಿ ಹುಟ್ಟಿ, ದಾವಣಗೆರೆ ಎಕ್ಸ್‌ಪ್ರೆಸ್ ಎಂದೇ ಹೆಸರಾದ ಆರ್. ವಿನಯ್ ಕುಮಾರ್: 9 ಓವರ್, 102 ರನ್, 1 ವಿಕೆಟ್. ಅಲ್ಲಿಯವರೆಗೆ ಏಕದಿನ ಪಂದ್ಯದಲ್ಲಿ ಭಾರತದ ಯಾವ ಬೌಲರೂ ನೂರು ರನ್ ಕೊಟ್ಟಿರಲಿಲ್ಲ. ಗೇಲ್ ಅವರ ಹದಿನೇಳು ಸಿಕ್ಸರ್‌ಗಳಿಂದ ಬಂದ ರನ್ನೂ 102. ಆ ವರ್ಷ ಗೇಲ್ ಜೊತೆ ಅದೇ ಆರ್‌ಸಿಬಿಯಲ್ಲಿ ಆಡಿ ವಿನಯ್ 23 ವಿಕೆಟ್ ಕಿತ್ತಿದ್ದರು. ಏಪ್ರಿಲ್‌ನಲ್ಲಿ ತಮ್ಮ ತಂಡಕ್ಕೆ ಒದಗಿದ ಅದೇ ಮೈದಾನ, ಅದೇ ತೆಳುಗಾಳಿ ನವೆಂಬರ್‌ನಲ್ಲಿ ಅವರ ಮೇಲೆಯೇ ತಿರುಗಿತು.

ನಮ್ಮ ಮನೆಯಲ್ಲಿ ಅಂದು ಒಂದು ವಿಚಿತ್ರ ಸಂಕಟ. ಭಾರತ ಗೆಲ್ಲುತ್ತಿದೆ, ಪಟಾಕಿ ಕೈಯಲ್ಲಿದೆ, ಆದರೆ ಚೆಂಡು ಹಾರಿದಾಗಲೆಲ್ಲ ಕ್ಯಾಮೆರಾ ನಮ್ಮವನ ಮುಖ ತೋರಿಸುತ್ತದೆ. ಚಿಕ್ಕಮ್ಮ ಎದ್ದು ಒಳಗೆ ಹೋದವರು ಅವರ ಓವರ್ ಮುಗಿಯುವವರೆಗೂ ಹೊರಗೆ ಬರಲಿಲ್ಲ. ದೊಡ್ಡಪ್ಪ ಅಡಿಕೆ ಇಡುವುದನ್ನು ನಿಲ್ಲಿಸಲಿಲ್ಲ, ಆದರೆ ಇಡುವ ಸದ್ದು ಸಣ್ಣದಾಯಿತು.

ಆಮೇಲೆ ನಾನು ಎಣಿಸಿದ್ದು ಸಿಕ್ಸರ್‌ಗಳನ್ನಲ್ಲ. ಒಂಬತ್ತು ಓವರ್ ಅಂದರೆ ಐವತ್ತನಾಲ್ಕು ಎಸೆತ. ಒಂದೊಂದಕ್ಕೂ ಹದಿನೈದು ಮೀಟರ್ ಓಟ ಎಂದೇ ಹಿಡಿಯೋಣ, ಅಷ್ಟೇ ದೂರ ಹಿಂದಕ್ಕೆ ನಡಿಗೆ. 1,620 ಮೀಟರ್, ಒಂದು ಮೈಲಿಯ ಹಾದಿ. ಒಂದೊಂದು ಓಟಕ್ಕೆ ಕೆಲವೇ ಕ್ಷಣ ಸಾಕು, ನಡಿಗೆ ದೀರ್ಘ. ತುಂಬಿದ ಮೈದಾನದ ನಡುವೆ, ಈಗಷ್ಟೇ ಹೊಡೆಸಿಕೊಂಡ ಚೆಂಡನ್ನು ಒರೆಸುತ್ತಾ, ಮುಂದಿನದನ್ನು ಎಲ್ಲಿ ಹಾಕಲಿ ಎಂದು ಒಬ್ಬರೇ ಯೋಚಿಸುತ್ತಾ ಹಿಂದಕ್ಕೆ ನಡೆಯಬೇಕು. ಐವತ್ತನಾಲ್ಕು ಸಲ. ತೊಂಬತ್ತೊಂದು ಹೋಮ್‌ರನ್‌ಗಿಂತ ನನಗೆ ಇದು ದೊಡ್ಡ ಅಂಕಿ.

ಅದೇ ಅವರ ಕೊನೆಯ ಏಕದಿನ ಪಂದ್ಯ. ಭಾರತದ ಪರ ಮತ್ತೆ ಆಡಲಿಲ್ಲ. ಕರ್ನಾಟಕದ ನಾಯಕರಾಗಿ ಅವರು ಅದೇ ಋತುವಿನಲ್ಲಿ ರಣಜಿ ಟ್ರೋಫಿ ಗೆದ್ದರು, ಮರುವರ್ಷ ಮತ್ತೆ ಗೆದ್ದರು. 139 ಪ್ರಥಮ ದರ್ಜೆ ಪಂದ್ಯಗಳಲ್ಲಿ 504 ವಿಕೆಟ್ ಕೂಡಿಟ್ಟ ಮೇಲೆಯೇ ಆಟ ಬಿಟ್ಟದ್ದು. 2015ರ ಮಾರ್ಚ್‌ನಲ್ಲಿ ಮುಂಬೈಯ ವಾಂಖೆಡೆಯಲ್ಲಿ ತಮಿಳುನಾಡಿನ ಮೇಲೆ ರಣಜಿ ಫೈನಲ್. ವಿನಯ್ 34 ರನ್ನಿಗೆ 5 ವಿಕೆಟ್ ಕಿತ್ತು ಅವರನ್ನು 134ಕ್ಕೆ ಮುಗಿಸಿದರು. ಕರುಣ್ ನಾಯರ್ 328, ಕೆ.ಎಲ್. ರಾಹುಲ್ 188, ತಂಡದ ಮೊತ್ತ 762, ಅದರಲ್ಲಿ ವಿನಯ್ ಔಟಾಗದೆ 105. ಮರುದಿನ ಪೇಪರ್ ಓದಿ ಹೇಳುತ್ತಿದ್ದೆ. ದೊಡ್ಡಪ್ಪ 762 ಕೇಳಿ ಏನೂ ಅನ್ನಲಿಲ್ಲ, 328ಕ್ಕೂ ಅನ್ನಲಿಲ್ಲ. 105ಕ್ಕೆ ಬಂದಾಗ ಕೈ ಅಡ್ಡ ಹಿಡಿದು ನಿಲ್ಲಿಸಿದರು.

“ಅವತ್ತು ಹಬ್ಬದ ದಿನ ನೂರಾ ಎರಡು ಕೊಟ್ಟೋನೇ ಅಲ್ವೇನಪ್ಪಾ?”

“ಹೌದು ದೊಡ್ಡಪ್ಪ, ಅವರೇ.”

“ಹಂಗಾರೆ ಇನ್ನೊಂದ್ಸಲ ಓದು.”