ಬಿಸಿಗಾಜಿಗೆ ಗ್ರಾಫೈಟಿನ ಅಚ್ಚು

ಪ್ರಯೋಗಶಾಲೆಯಲ್ಲಿ ನಾವು ದಿನವೂ ಬಳಸುವ ಗಾಜಿನ ಉಪಕರಣಗಳಲ್ಲಿ ಬಹುಪಾಲು ಕಾರ್ಖಾನೆಯಿಂದಲೇ ಸಿದ್ಧವಾಗಿ ಬರುತ್ತವೆ. ಆದರೆ ಸಂಶೋಧನೆಯ ಹಾದಿಯಲ್ಲಿ ಸ್ವಲ್ಪ ದೂರ ನಡೆದವರಿಗೆಲ್ಲ ತಿಳಿದಿರುವಂತೆ, ಯಾವ ಬೆಲೆಪಟ್ಟಿಯಲ್ಲಿಯೂ ಕಾಣದ ಉಪಕರಣವೊಂದು ಒಂದಲ್ಲ ಒಂದು ದಿನ ಬೇಕಾಗುತ್ತದೆ. ಆಗ ನಾವು ಗಾಜೂದುವವರ ಮೊರೆಹೊಗುತ್ತೇವೆ. ಅವರ ಮೇಜಿನ ಮೇಲೆ, ಉರಿಯುವ ಬರ್ನರಿನ ಪಕ್ಕದಲ್ಲಿ, ಕಪ್ಪುಬಣ್ಣದ ಕೆಲವು ಹಲಗೆಗಳೂ ಕಡ್ಡಿಗಳೂ ಅಚ್ಚುಗಳೂ ಇರುವುದನ್ನು ವಿದ್ಯಾರ್ಥಿಗಳು ನೋಡಿರಬಹುದು. ಅವು ಗ್ರಾಫೈಟಿನವು. ಗಾಜಿಗೆ ರೂಪು ಕೊಡಲು ಗ್ರಾಫೈಟೇ ಏಕೆ ಬೇಕು, ಅದು ಗಾಜಿಗೆ ಮಾಡುವ ಉಪಕಾರವೇನು, ಅದರಿಂದ ಒದಗಬಹುದಾದ ಕೇಡೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ.

ಕುಲುಮೆಯ ಮೂಸೆಯಲ್ಲಿ ಕರಗಿದ ಗಾಜನ್ನು ತೆಗೆದು ಊದುವುದು ಒಂದು ಬಗೆ. ಸಿದ್ಧವಾದ ಕೊಳವೆ ಅಥವಾ ಕಡ್ಡಿಯನ್ನು ಉರಿಯಲ್ಲಿ ಮತ್ತೆ ಮೆತ್ತಗೆ ಮಾಡಿ ತಿದ್ದುವುದು ಇನ್ನೊಂದು ಬಗೆ. ಹಿಂದೆ ಈ ಎರಡನೆಯ ಕೆಲಸಕ್ಕೆ ಎಣ್ಣೆಯ ದೀಪದ ಉರಿಯನ್ನು ತಿದಿಯ ಗಾಳಿಯಿಂದ ಚುರುಕುಗೊಳಿಸುತ್ತಿದ್ದರು. ಆದುದರಿಂದಲೇ ಪಶ್ಚಿಮದ ಭಾಷೆಗಳಲ್ಲಿ ಇದಕ್ಕೆ ದೀಪದ ಕೆಲಸವೆಂಬ ಹೆಸರು ಬಂದಿದೆ. ಮೈಕೆಲ್ ಫ್ಯಾರಡೆ 1827ರಲ್ಲಿ ಪ್ರಕಟಿಸಿದ ರಸಾಯನ ಪ್ರಯೋಗವಿಧಾನದ ಗ್ರಂಥದಲ್ಲಿ ಗಾಜನ್ನು ಬಾಗಿಸುವ, ಊದುವ ವಿಷಯಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಇಂದು ದೀಪದ ಸ್ಥಾನಕ್ಕೆ ಅನಿಲವೂ ಆಮ್ಲಜನಕವೂ ಕೂಡಿ ಉರಿಯುವ ಬರ್ನರು ಬಂದಿದೆ. ಕೆಲಸದ ತತ್ತ್ವ ಮಾತ್ರ ಅದೇ.

ಗಾಜಿನ ಹದ

ಮಂಜುಗಡ್ಡೆಯಂತೆ ಗಾಜಿಗೆ ಗೊತ್ತಾದ ಒಂದು ಕರಗುವ ಬಿಂದುವಿಲ್ಲ. ಉಷ್ಣತೆ ಏರಿದಂತೆ ಅದು ಮೆಲ್ಲಮೆಲ್ಲನೆ ಮೆತ್ತಗಾಗುತ್ತದೆ. ದ್ರವವೊಂದು ಹರಿಯುವಾಗ ತೋರುವ ಒಳತಡೆಗೆ ಸ್ನಿಗ್ಧತೆಯೆಂದು ಹೆಸರು. ಕೋಣೆಯ ಉಷ್ಣತೆಯಲ್ಲಿ ನೀರಿನ ಸ್ನಿಗ್ಧತೆ ಒಂದು ಪಾಯ್ಸಿನ ನೂರರಲ್ಲೊಂದು ಪಾಲು. ಪ್ರಯೋಗಶಾಲೆಯ ಬೋರೋಸಿಲಿಕೇಟ್ ಗಾಜಿನ ಸ್ನಿಗ್ಧತೆ ಸುಮಾರು 1250 ಡಿಗ್ರಿ ಸೆಂಟಿಗ್ರೇಡಿನಲ್ಲಿ 10,000 ಪಾಯ್ಸ್. ಸುಮಾರು 825 ಡಿಗ್ರಿಯಲ್ಲಿ 4 ಕೋಟಿ ಪಾಯ್ಸ್. 560 ಡಿಗ್ರಿಯ ಹೊತ್ತಿಗೆ ಅದು 10 ಲಕ್ಷ ಕೋಟಿಯನ್ನು ಮುಟ್ಟುತ್ತದೆ. ಗಾಜೂದುವವರ ಕೆಲಸವೆಲ್ಲ ಬಹುಮಟ್ಟಿಗೆ ಮೊದಲ ಎರಡು ಗಡಿಗಳ ನಡುವೆ ನಡೆಯಬೇಕು. ಉರಿಯಿಂದ ಹೊರತೆಗೆದ ತೆಳುಗೋಡೆಯ ಕೊಳವೆ ಈ ಅಂತರವನ್ನು ಕೆಲವೇ ಸೆಕೆಂಡುಗಳಲ್ಲಿ ದಾಟಿಬಿಡುತ್ತದೆ. ಅಷ್ಟರೊಳಗೆ ಅದಕ್ಕೆ ಆಕಾರ ಬಂದಿರಬೇಕು.

ಬರಿಯ ಉಸಿರಿನಿಂದಲೂ ಕೈಯ ತಿರುಗಣೆಯಿಂದಲೂ ದುಂಡನೆಯ ಬುರುಡೆಯನ್ನು ಪಡೆಯಬಹುದು. ಚಪ್ಪಟೆ ತಳ, ನೇರ ಅಂಚು, ಗೊತ್ತಾದ ಅಳತೆಯ ಬಾಯಿ ಬೇಕಾದರೆ ಬಿಸಿಗಾಜನ್ನು ಯಾವುದಾದರೂ ಗಟ್ಟಿವಸ್ತುವಿನಿಂದ ಮುಟ್ಟಲೇಬೇಕು. ತೊಡಕು ಇರುವುದು ಇಲ್ಲಿಯೇ. ಕಬ್ಬಿಣ ಕೆಂಪಗೆ ಕಾದಾಗ ಅದರ ಮೈಮೇಲೆ ಆಕ್ಸೈಡಿನ ಪೊರೆ ಕಟ್ಟುತ್ತದೆ. ಗಾಜು ಸ್ವತಃ ಆಕ್ಸೈಡುಗಳ ಮಿಶ್ರಣವಾದುದರಿಂದ ಆ ಪೊರೆಯನ್ನು ಒದ್ದೆಮಾಡಿ ಅದಕ್ಕೆ ಅಂಟಿಕೊಳ್ಳುತ್ತದೆ. ಮರ ಸುಟ್ಟುಹೋಗುತ್ತದೆ, ಅದನ್ನು ನೀರಿನಲ್ಲಿ ನೆನೆಸಿ ಬಳಸುವ ರೂಢಿ ಕುಲುಮೆಯ ಕೆಲಸಗಾರರಲ್ಲಿದೆಯಾದರೂ ಅಳತೆಯ ಕೆಲಸಕ್ಕೆ ಅದು ಒದಗದು.

ಗ್ರಾಫೈಟಿನ ಗುಣ

ಗ್ರಾಫೈಟೆಂದರೆ ಇಂಗಾಲದ ಒಂದು ರೂಪ. ಪೆನ್ಸಿಲ್ಲಿನ ಕಡ್ಡಿಯಲ್ಲಿ ಇದನ್ನು ಎಲ್ಲರೂ ಬಲ್ಲರು. ಇದರಲ್ಲಿ ಪರಮಾಣುಗಳು ಷಟ್ಕೋನಗಳ ಬಲೆಯಂತೆ ಹೆಣೆದುಕೊಂಡು ಪದರಗಳಾಗಿವೆ. ಒಂದೇ ಪದರದ ನೆರೆಯ ಪರಮಾಣುಗಳ ನಡುವೆ ಇರುವ ಅಂತರ 1.42 ಆಂಗ್‌ಸ್ಟ್ರಮ್, ಪದರದಿಂದ ಪದರಕ್ಕೆ 3.35 ಆಂಗ್‌ಸ್ಟ್ರಮ್. ಪದರದೊಳಗಿನ ಬಂಧ ಬಲವಾದುದು, ಪದರಗಳ ನಡುವಣ ಬಂಧ ದುರ್ಬಲವಾದುದು. ಆದುದರಿಂದಲೇ ಅದು ಕಾಗದದ ಮೇಲೆ ಗುರುತು ಬಿಡುತ್ತದೆ, ಲೇತಿನ ಉಳಿಗೆ ಸುಲಭವಾಗಿ ಒಗ್ಗುತ್ತದೆ. ಅಚ್ಚುಗಳಿಗೆ ಇಂದು ಬಳಸುವುದು ಬಹುತೇಕ ತಯಾರಿಸಿದ ಗ್ರಾಫೈಟು. ಇಂಗಾಲವನ್ನು ವಿದ್ಯುತ್ತಿನ ಕುಲುಮೆಯಲ್ಲಿ ಅತ್ಯುಚ್ಚ ಉಷ್ಣತೆಗೆ ಕಾಯಿಸಿ ಗ್ರಾಫೈಟನ್ನಾಗಿಸುವ ವಿಧಾನಕ್ಕೆ ಎಡ್ವರ್ಡ್ ಅಚೆಸನ್ನನು 1896ರಲ್ಲಿ ಅಮೆರಿಕದಲ್ಲಿ ಪೇಟೆಂಟು ಪಡೆದನು.

ಗಾಜಿನ ಕೆಲಸಕ್ಕೆ ಇದನ್ನು ಯೋಗ್ಯವಾಗಿಸಿದ ಗುಣಗಳು ಮುಖ್ಯವಾಗಿ ಮೂರು. ಮೊದಲನೆಯದು, ಕರಗಿದ ಗಾಜು ಇದನ್ನು ಒದ್ದೆಮಾಡುವುದಿಲ್ಲ. ಕೆಸುವಿನ ಎಲೆಯ ಮೇಲಿನ ನೀರಿನಂತೆ ಗಾಜು ಇದರಿಂದ ಬಿಡಿಬಿಡಿಯಾಗಿಯೇ ಉಳಿಯುತ್ತದೆ. ಇಂಗಾಲದ ಆಕ್ಸೈಡುಗಳು ಅನಿಲಗಳಾಗಿ ಹಾರಿಹೋಗುವುದರಿಂದ ಕಬ್ಬಿಣದ ಮೇಲಿನಂತೆ ಅಂಟುವ ಪೊರೆ ಇಲ್ಲಿ ನಿಲ್ಲದು. ಎರಡನೆಯದು, ಇದು ಈ ಕೆಲಸದ ಯಾವ ಉಷ್ಣತೆಯಲ್ಲಿಯೂ ಕರಗುವುದಿಲ್ಲ, ಮೆತ್ತಗಾಗುವುದೂ ಇಲ್ಲ. ಮೂರನೆಯದು, ಇದು ಉಷ್ಣವನ್ನು ಚೆನ್ನಾಗಿ ಒಯ್ಯುತ್ತದೆ. ತಯಾರಿಸಿದ ಗ್ರಾಫೈಟಿನ ಉಷ್ಣವಾಹಕತ್ವ ಗಾಜಿನದಕ್ಕಿಂತ ಹಲವು ಹತ್ತು ಪಟ್ಟು ಹೆಚ್ಚು. ಹೀಗಾಗಿ ಗಾಜು ಮುಟ್ಟಿದ ಜಾಗದಲ್ಲಿ ಕಾವು ನಿಲ್ಲದೆ ಒಳಕ್ಕೆ ಹರಡುತ್ತದೆ, ಗಾಜಿನ ಮೈ ಬೇಗನೆ ಬಿಗಿದು ಅಚ್ಚಿನ ರೂಪವನ್ನು ಹಿಡಿಯುತ್ತದೆ.

ಈ ಮೂರನೆಯ ಗುಣವೇ ಉಪಕಾರಕ್ಕೂ ಕೇಡಿಗೂ ಮೂಲವೆಂಬುದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಅಚ್ಚು ಗಾಜಿಗೆ ಆಕಾರವನ್ನು ಕೊಡುವಾಗಲೇ ಅದರ ಕಾವನ್ನೂ ಕಸಿದುಕೊಳ್ಳುತ್ತದೆ.

ಒಂದು ಉದಾಹರಣೆ

24/29 ಎಂಬ ಗುರುತಿನ ಜಾಯಿಂಟನ್ನು ತೆಗೆದುಕೊಳ್ಳೋಣ. ಇದರ ಅಗಲವಾದ ತುದಿಯ ವ್ಯಾಸ 24 ಮಿಲಿಮೀಟರ್, ಉಜ್ಜಿದ ಭಾಗದ ಉದ್ದ 29 ಮಿಲಿಮೀಟರ್. ಓರೆಯ ಪ್ರಮಾಣ ಹತ್ತಕ್ಕೆ ಒಂದು. ಅಂದರೆ ಪ್ರತಿ 10 ಮಿಲಿಮೀಟರ್ ಉದ್ದಕ್ಕೆ ವ್ಯಾಸದಲ್ಲಿ 1 ಮಿಲಿಮೀಟರ್ ಇಳಿಯುತ್ತದೆ. ಆದುದರಿಂದ ಕಿರಿದಾದ ತುದಿ 21.1 ಮಿಲಿಮೀಟರ್ ಇರಬೇಕು. ಇದರ ಹೊರಬಾಯಿಯನ್ನು ಮಾಡಲು ಅದೇ ಓರೆಗೆ ಕಡೆದ ಗ್ರಾಫೈಟಿನ ದಿಂಡನ್ನು ಬಳಸುತ್ತಾರೆ. ಕೊಳವೆಯ ತುದಿಯನ್ನು ಬಿಡದೆ ತಿರುಗಿಸುತ್ತ ಸುತ್ತಲೂ ಒಂದೇ ಸಮನಾಗಿ ಕಾಯಿಸಿ, ಉರಿಯಿಂದ ಈಚೆಗೆ ತೆಗೆದು, ಮೊದಲೇ ಬೆಚ್ಚಗೆ ಮಾಡಿಟ್ಟ ದಿಂಡನ್ನು ತಿರುಗುತ್ತಿರುವ ಬಾಯಿಯೊಳಕ್ಕೆ ಇಳಿಸುತ್ತಾರೆ. ಗಾಜು ದಿಂಡಿನ ಮೈಗೆ ಒರಗಿದ ಕ್ಷಣವೇ ಅದನ್ನು ಹಿಂದಕ್ಕೆ ಸೆಳೆಯಬೇಕು. ತಡಮಾಡಿದರೆ ಹೆಚ್ಚು ಬಿಸಿಯಾಗಿರುವ ಗಾಜು ದಿಂಡಿಗಿಂತ ಹೆಚ್ಚು ಕುಗ್ಗಿ ಅದನ್ನು ಕಚ್ಚಿಹಿಡಿಯುತ್ತದೆ. ಬಲವಂತದಿಂದ ಎಳೆದರೆ ಬಾಯಿ ಬಿರಿಯುತ್ತದೆ. ಅಚ್ಚಿನಿಂದ ಬಂದ ಬಾಯಿ ಜಾಯಿಂಟಿನ ಮೊದಲ ರೂಪ ಮಾತ್ರ. ಅನಂತರ ಅದನ್ನು ಕಾರ್ಬೊರಂಡಮ್ ಪುಡಿಯಿಂದ ಉಜ್ಜಿ ನಿಜವಾದ ಅಳತೆಗೆ ತರುತ್ತಾರೆ.

ಗಾಜು ತಣಿಯುವಾಗ ಎಷ್ಟು ಕುಗ್ಗುತ್ತದೆ? ಬೋರೋಸಿಲಿಕೇಟ್ ಗಾಜು ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 3.3 ಪಾಲು ಕುಗ್ಗುತ್ತದೆ. 560 ಡಿಗ್ರಿಯಿಂದ 20 ಡಿಗ್ರಿಗೆ ಇಳಿದಾಗ 24 ಮಿಲಿಮೀಟರಿನ ವ್ಯಾಸದಲ್ಲಿ ಇಳಿತ ಸುಮಾರು 0.04 ಮಿಲಿಮೀಟರ್. ಸಾಮಾನ್ಯ ಸೋಡಾ ಗಾಜಿನ ಅಂಕ ಸುಮಾರು 9. ಅಷ್ಟೇ ಅಂತರದಲ್ಲಿ ಅದು ಸುಮಾರು 0.12 ಮಿಲಿಮೀಟರ್ ಕುಗ್ಗುತ್ತದೆ. ಅಚ್ಚು ಮುಟ್ಟಿದಾಗ ಸೋಡಾ ಗಾಜು ಹೆಚ್ಚು ಸುಲಭವಾಗಿ ಸೀಳುವುದೇಕೆಂಬುದು ಈ ಲೆಕ್ಕದಿಂದಲೇ ಸ್ಪಷ್ಟವಾಗುತ್ತದೆ.

ಕಾಣದ ಕೇಡು

ಅಚ್ಚು ತೀರ ತಣ್ಣಗಿದ್ದರೆ ಗಾಜಿನ ಮೈಮೇಲೆ ಸುಕ್ಕುಗಳೂ ಮಬ್ಬಾದ ಕಲೆಗಳೂ ಏಳುತ್ತವೆ. ಇದು ಕಣ್ಣಿಗೆ ಕಾಣುವ ದೋಷ. ಮತ್ತೆ ಉರಿಗೆ ಹಿಡಿದರೆ ಹೋಗುತ್ತದೆ. ಕಾಣದ ದೋಷ ಇದಕ್ಕಿಂತ ಘೋರವಾದುದು. ಅಚ್ಚು ಮುಟ್ಟಿದ ಭಾಗ ಮೊದಲು ಗಟ್ಟಿಯಾಗುತ್ತದೆ, ಮುಟ್ಟದ ಭಾಗ ಅನಂತರ. ತಡವಾಗಿ ಗಟ್ಟಿಯಾದುದು ಕುಗ್ಗಹೊರಟಾಗ ಮೊದಲೇ ಬಿಗಿದಿರುವ ಭಾಗ ಅದಕ್ಕೆ ಎಡೆಗೊಡುವುದಿಲ್ಲ. ಹೀಗೆ ಒಂದೆಡೆ ಎಳೆತ, ಇನ್ನೊಂದೆಡೆ ಒತ್ತಡ ಉಳಿದುಬಿಡುತ್ತದೆ. ಗಾಜು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳದು.

ನಮ್ಮಲ್ಲಿಯೇ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಬಹುದು. ನಿರ್ವಾತದ ಪ್ರಯೋಗಕ್ಕಾಗಿ 10 ಸೆಂಟಿಮೀಟರ್ ವ್ಯಾಸದ ಬುರುಡೆಗೆ ಅಚ್ಚಿನಲ್ಲಿ ರೂಪಿಸಿದ ಬಾಯಿಯೊಂದನ್ನು ಬೆಸೆದಿದ್ದೆವು. ನೋಡಲು ಅದು ನಿರ್ದುಷ್ಟವಾಗಿತ್ತು. ಕೆಲಸದ ಆತುರದಲ್ಲಿ ಕುಲುಮೆಯಲ್ಲಿಡದೆ, ಬರಿಯ ಮೆದು ಉರಿಯಲ್ಲಿ ಆಡಿಸಿ ಪ್ರಯೋಗಕ್ಕೆ ಜೋಡಿಸಿದೆವು. ಎರಡು ದಿನ ಅದು ನೆಟ್ಟಗಿದ್ದಿತು. ಮೂರನೆಯ ದಿನ ಬೆಳಿಗ್ಗೆ ಕೋಣೆಯಲ್ಲಿ ಯಾರೂ ಇಲ್ಲದಾಗ ಒಡೆದು ಚೂರಾಯಿತು. ಒಳಗೆ ಗಾಳಿಯಿಲ್ಲದ ಬುರುಡೆಯ ಹೊರಮೈಯ ಪ್ರತಿ ಚದರ ಸೆಂಟಿಮೀಟರಿನ ಮೇಲೂ ವಾಯುಮಂಡಲದ ಭಾರ ಸುಮಾರು 1 ಕಿಲೋಗ್ರಾಂ. ಈ ಬುರುಡೆಯ ಮೈಯೆಲ್ಲ ಸೇರಿ 300 ಕಿಲೋಗ್ರಾಮಿಗೂ ಮೇಲೆ. ಅರ್ಧ ಗಂಟೆ ತಡವಾಗಿ ಒಡೆದಿದ್ದರೆ ಅದರ ಮುಂದೆ ವಿದ್ಯಾರ್ಥಿಯೊಬ್ಬರು ಕುಳಿತಿರುತ್ತಿದ್ದರು. ಉಳಿದ ಬಾಯಿಯ ತುಂಡನ್ನು ಧ್ರುವೀಕೃತ ಬೆಳಕಿನಲ್ಲಿ ನೋಡಿದಾಗ, ಅಚ್ಚು ಮುಟ್ಟಿದ ಗಡಿಯ ಉದ್ದಕ್ಕೂ ಬೆಳಕಿನ ಪಟ್ಟೆ ಸ್ಪಷ್ಟವಾಗಿ ಕಂಡಿತು. ಒಳಬಿಗುಪು ಇಲ್ಲದ ಗಾಜು ಹಾಗೆ ಬೆಳಗುವುದಿಲ್ಲ.

ಇದಕ್ಕೆ ಪರಿಹಾರ ಅನೀಲನ, ಅಂದರೆ ಕಾವನ್ನು ಕ್ರಮವಾಗಿ ಇಳಿಸುವುದು. ಕೆಲಸ ಮುಗಿದ ವಸ್ತುವನ್ನು ಕುಲುಮೆಯಲ್ಲಿ ಸುಮಾರು 560 ಡಿಗ್ರಿಗೆ ಏರಿಸಿ, ಗೋಡೆಯ ದಪ್ಪಕ್ಕೆ ತಕ್ಕಷ್ಟು ಹೊತ್ತು ಅಲ್ಲಿಯೇ ನಿಲ್ಲಿಸಬೇಕು. ಆ ಉಷ್ಣತೆಯಲ್ಲಿ ಗಾಜು ಆಕಾರ ಕೆಡದಷ್ಟು ಗಟ್ಟಿಯಾಗಿಯೂ, ಒಳಬಿಗುಪು ಕೆಲವೇ ನಿಮಿಷಗಳಲ್ಲಿ ಸಡಿಲವಾಗುವಷ್ಟು ಮೆತ್ತಗಾಗಿಯೂ ಇರುತ್ತದೆ. ಅಲ್ಲಿಂದ ಸುಮಾರು 500 ಡಿಗ್ರಿಯ ಕೆಳಗಿನವರೆಗೆ ನಿಧಾನವಾಗಿ ಇಳಿಸಿದರೆ ಹೊಸ ಬಿಗುಪು ಹುಟ್ಟುವ ಭಯವಿಲ್ಲ. ಬೆಸುಗೆಗೆ ಮೊದಲು ಅಚ್ಚು ಮುಟ್ಟಿದ ಭಾಗವನ್ನು ಪೂರ್ತಿಯಾಗಿ ಮತ್ತೊಮ್ಮೆ ಕಾಯಿಸುವುದೂ ಒಳ್ಳೆಯದು.

ಅಚ್ಚಿನ ಆರೈಕೆ

ಗ್ರಾಫೈಟಿಗೂ ಮಿತಿಗಳುಂಟು. ಗಾಳಿಯಲ್ಲಿ ಅದು 400ರಿಂದ 500 ಡಿಗ್ರಿಯ ಸುಮಾರಿಗೆ ಮೆಲ್ಲನೆ ಉರಿಯತೊಡಗುತ್ತದೆ. ಮೈ ತರಿತರಿಯಾಗಿ ಅಳತೆ ಸವೆಯುತ್ತದೆ. ಆದುದರಿಂದ ಅಚ್ಚನ್ನು ಬೆಚ್ಚಗೆ ಮಾಡಬೇಕೇ ಹೊರತು ಉರಿಯಲ್ಲಿ ಬಿಡಬಾರದು. ಅದರಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ತೇವ ಸೇರಿಕೊಳ್ಳುತ್ತದೆ. ಬಿಸಿಗಾಜು ತಗುಲಿದಾಗ ಆ ತೇವ ಆವಿಯಾಗಿ ಗಾಜಿನ ಮೇಲೆ ಗುಳಿಗಳನ್ನು ಬಿಡುತ್ತದೆ. ಬಳಸುವ ಮುನ್ನ ಒಣಗಿಸಿಕೊಳ್ಳಬೇಕು. ಒರಟಾದ ಕಣದ ಗ್ರಾಫೈಟು ತನ್ನ ಒರಟುತನವನ್ನೇ ಗಾಜಿಗೂ ಕೊಡುವುದರಿಂದ, ನುಣುಪಾದ ಕಣದ್ದನ್ನು ಆರಿಸಿ ಮೈಯನ್ನು ತಿಕ್ಕಿ ನಯಗೊಳಿಸಬೇಕು. ಲೇತಿನಲ್ಲಿ ಕಡೆಯುವಾಗ ಏಳುವ ಪುಡಿ ಶ್ವಾಸಕೋಶಕ್ಕೆ ಹಿತವಲ್ಲ. ಅದು ವಿದ್ಯುದ್ವಾಹಕವಾದುದರಿಂದ ಯಂತ್ರದ ತಂತಿಗಳಿಗೂ ಹಿತವಲ್ಲ.

ಅಚ್ಚು ಇದ್ದ ಮೇಲೆ ಕೈಚಳಕ ಬೇಡವೆಂದು ಕೆಲವರು ಭಾವಿಸುವುದುಂಟು. ಮೇಲಿನ ವಿವರಣೆಯಿಂದ ಅದು ಸರಿಯಲ್ಲವೆಂದು ತಿಳಿಯುತ್ತದೆ. ಅಳತೆಯನ್ನು ಅಚ್ಚು ಕಾಯುತ್ತದೆ. ಕಾವನ್ನು ಮನುಷ್ಯನೇ ಕಾಯಬೇಕು. ನಮ್ಮ ವಿದ್ಯಾರ್ಥಿಗಳು ವರ್ಷಕ್ಕೆ ಕೆಲವು ದಿನವಾದರೂ ಗಾಜೂದುವವರ ಮೇಜಿನ ಬಳಿ ನಿಂತು ಕಲಿಯುವಂತಾದರೆ, ತಾವು ಬಳಸುವ ಉಪಕರಣವನ್ನು ಎಲ್ಲಿ ನಂಬಬಹುದು, ಎಲ್ಲಿ ನಂಬಲಾಗದು ಎಂಬುದನ್ನು ಅರಿಯುವರು.