ತೆಂಗಿನ ತೋಟದ ಲೆಕ್ಕವೂ ವಿಶ್ವವಿದ್ಯಾನಿಲಯದ ವ್ಯಾಪಾರ ವಿದ್ಯೆಯೂ

ಚಿಕ್ಕನಾಯಕನಹಳ್ಳಿ ತಾಲ್ಲೂಕು ಶೆಟ್ಟಿಕೆರೆ ಹೋಬಳಿಯಲ್ಲಿಯೂ, ಅದಕ್ಕೆ ಹೊಂದಿಕೊಂಡಿರುವ ತಿಪಟೂರು, ತುರುವೇಕೆರೆ ಸೀಮೆಗಳಲ್ಲಿಯೂ ತೆಂಗೇ ಒಕ್ಕಲಿನ ಜೀವಾಳವಾಗಿರುವುದು ಸರ್ವವಿದಿತವಾಗಿದೆ. ಗಿಡ ನೆಡುವುದು, ಗೊಬ್ಬರ ಕೊಡುವುದು, ನುಸಿಯನ್ನು ತಡೆಯುವುದು ಮುಂತಾದ ವಿಷಯಗಳಲ್ಲಿ ಈ ಸೀಮೆಯ ರೈತರಿಗೆ ಹೇಳಿಕೊಡಬೇಕಾದುದು ಅಷ್ಟೇನೂ ಇಲ್ಲ. ಆದರೆ ಬೆಳೆದ ಕಾಯಿಯನ್ನು ಎಂದು ಮಾರಬೇಕು, ಯಾವ ರೂಪದಲ್ಲಿ ಮಾರಬೇಕು, ಮಾರಿದಮೇಲೆ ನಿಜವಾಗಿ ಉಳಿದುದೆಷ್ಟು ಎಂಬ ಪ್ರಶ್ನೆಗಳಿಗೆ ಅಂಕಿಗಳಿಂದ ಉತ್ತರ ಕೊಡಬಲ್ಲ ಮನೆಗಳು ವಿರಳ. ಈ ವಿದ್ಯೆಯನ್ನು ವಿಶ್ವವಿದ್ಯಾನಿಲಯಗಳಲ್ಲಿ ಕ್ರಮವಾಗಿ ಕಲಿಸುತ್ತಿರುವುದರಿಂದ, ಅದು ತೋಟದ ಒಡೆಯರಿಗೆ ಎಷ್ಟರಮಟ್ಟಿಗೆ ಉಪಯುಕ್ತವೆಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

2023ರಲ್ಲಿ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿಗಳ ಬೆಂಬಲ ಬೆಲೆಯನ್ನು ಗೊತ್ತುಮಾಡಿದ್ದರೂ, ತಿಪಟೂರು ಮಾರುಕಟ್ಟೆಯ ಧಾರಣೆಯು ಅದಕ್ಕಿಂತ ಬಹಳ ಕೆಳಗಿಳಿದು ಬೆಳೆಗಾರರು ಕಷ್ಟಕ್ಕೊಳಗಾದರು. 2025ರ ಮಧ್ಯಭಾಗದಲ್ಲಿ ಅದೇ ಮಾರುಕಟ್ಟೆಯಲ್ಲಿ ಅದೇ ಸರಕು 25,000 ರೂಪಾಯಿಗಳನ್ನು ಮೀರಿತು. ಧಾರಣೆಯ ಏರಿಳಿತವು ರೈತನ ಕೈಯಲ್ಲಿಲ್ಲ, ನಿಜ. ಆದರೆ ಕಾಯಿಯನ್ನು ಅಟ್ಟಕ್ಕೆ ಏರಿಸುವುದೋ ಹಸಿಯಾಗಿಯೇ ಕೊಡುವುದೋ ಎಂಬ ತೀರ್ಮಾನ ಅವನದೇ. ಹತ್ತು ಹನ್ನೊಂದು ತಿಂಗಳು ಸರಕನ್ನು ಅಟ್ಟದ ಮೇಲಿಟ್ಟು ಕಾಯುವವನು ಬೇಸಾಯಗಾರನಷ್ಟೇ ಅಲ್ಲ, ವ್ಯಾಪಾರಿಯೂ ಹೌದು.

ಈ ವ್ಯಾಪಾರದ ಲೆಕ್ಕವನ್ನು ಒಂದು ಕಲ್ಪಿತ ನಿದರ್ಶನದಿಂದ ವಿವರಿಸಬಹುದು. ಒಬ್ಬ ಜಮೀನುದಾರರಲ್ಲಿ ಹತ್ತು ಸಾವಿರ ಕಾಯಿಗಳಿವೆಯೆಂದೂ, ಹಸಿಯಾಗಿ ಮಾರಿದರೆ ಕಾಯಿಗೆ 12 ರೂಪಾಯಿಯಂತೆ 1,20,000 ರೂಪಾಯಿ ಬರುವುದೆಂದೂ ಇಟ್ಟುಕೊಳ್ಳೋಣ. ಅವರು ಮಾರದೆ ಹತ್ತು ತಿಂಗಳು ಅಟ್ಟದಲ್ಲಿಟ್ಟರೆ, ಆ ಹಣಕ್ಕೆ ವರ್ಷಕ್ಕೆ ನೂರಕ್ಕೆ ಹನ್ನೆರಡರಂತೆ ಬಡ್ಡಿ 12,000 ರೂಪಾಯಿ. ಸುಲಿಸಿ, ಒಡೆಸಿ, ಉಂಡೆ ತೆಗೆಸುವ ಕೂಲಿಯು ಕಾಯಿಗೆ ಒಂದೂವರೆ ರೂಪಾಯಿಯಂತೆ 15,000. ಒಟ್ಟು ಅಸಲು 1,47,000 ರೂಪಾಯಿ ಆಯಿತು. ನೂರಕ್ಕೆ ಐದು ಕಾಯಿ ಕೆಟ್ಟು, ಉಳಿದ 9,500 ಕಾಯಿಗಳಿಂದ ತಲಾ 150 ಗ್ರಾಮಿನಂತೆ ಹದಿನಾಲ್ಕೂಕಾಲು ಕ್ವಿಂಟಾಲು ಕೊಬ್ಬರಿ ದೊರೆಯುತ್ತದೆ. ಕ್ವಿಂಟಾಲಿಗೆ 12,000 ರೂಪಾಯಿ ಸಿಕ್ಕಿದರೆ ಬರುವುದು 1,71,000, ಲಾಭ 24,000. ಧಾರಣೆಯು 9,000ಕ್ಕೆ ಇಳಿದರೆ ಬರುವುದು 1,28,250, ನಷ್ಟ 18,750. ಅಸಲು ಕೈಸೇರಬೇಕಾದರೆ ಕ್ವಿಂಟಾಲಿಗೆ ಸುಮಾರು 10,316 ರೂಪಾಯಿಯಾದರೂ ಸಿಕ್ಕಬೇಕು. ಚಿಪ್ಪು, ಸಿಪ್ಪೆಗಳಿಂದ ಬರುವ ಹಣವನ್ನು ಇಲ್ಲಿ ಸೇರಿಸಿಲ್ಲ. ಹಾಗೆಯೇ ಮನೆಯವರ ದುಡಿಮೆಯ ಬೆಲೆಯನ್ನೂ ಕಟ್ಟಿಲ್ಲ.

ಮೇಲಿನ ಲೆಕ್ಕದಲ್ಲಿ ಬಡ್ಡಿಯ ಬಾಬನ್ನು ನೋಡಿ ಕೆಲವರು ನಗಬಹುದು. ಸಾಲವನ್ನೇ ಮಾಡದವನಿಗೆ ಬಡ್ಡಿಯೆಲ್ಲಿಯದು ಎಂದು ಕೇಳುವರು. ಆದರೆ ಅಟ್ಟದಲ್ಲಿ ಕುಳಿತಿರುವ ಕಾಯಿಯು ದುಡಿಯದೆ ಕುಳಿತ ಹಣವೇ ಆಗಿದೆ. ಇನ್ನೂ ಎರಡು ತಿಂಗಳು ಕಾಯುವುದಾದರೆ 2,400 ರೂಪಾಯಿ ಬಡ್ಡಿ ಹೆಚ್ಚುವುದರಿಂದ, ಧಾರಣೆಯು ಕ್ವಿಂಟಾಲಿಗೆ ಸುಮಾರು 170 ರೂಪಾಯಿ ಏರಿದರೆ ಮಾತ್ರ ಕಾದದ್ದು ಸಾರ್ಥಕ. ಏರುವ ಧಾರಣೆಗಾಗಿ ಕಾಯುವುದು ತಪ್ಪಲ್ಲ. ಎಷ್ಟು ಏರಬೇಕೆಂದು ತಿಳಿಯದೆ ಕಾಯುವುದು ಜೂಜಿಗೆ ಸಮಾನ.

ವಿಶ್ವವಿದ್ಯಾನಿಲಯದಲ್ಲಿ ಕೃಷಿ ಅರ್ಥಶಾಸ್ತ್ರ, ಸಾಲ ಮತ್ತು ಸಹಕಾರ, ಮಾರಾಟ ಮತ್ತು ಧಾರಣೆ, ಉದ್ಯಮಶೀಲತೆ ಎಂಬ ಹೆಸರುಗಳಲ್ಲಿ ಕಲಿಸುವುದು ಬಹುಮಟ್ಟಿಗೆ ಇದೇ ವಿದ್ಯೆಯನ್ನು. ಹೆಬ್ಬಾಳದಲ್ಲಿ 1913ರಲ್ಲಿ ಆರಂಭವಾದ ವ್ಯವಸಾಯ ಶಾಲೆಯು 1946ರಲ್ಲಿ ಕಾಲೇಜಾಗಿ, 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯಕ್ಕೆ ಮೂಲವಾಯಿತು. ಇಲ್ಲಿನ ನಾಲ್ಕು ವರ್ಷದ ಪದವಿಯಲ್ಲಿ ಬೇಸಾಯದೊಡನೆ ಈ ವಿಷಯಗಳೂ ಸೇರಿವೆ. 2015ರಲ್ಲಿ ದೇಶಕ್ಕೆಲ್ಲ ಅನ್ವಯವಾಗುವಂತೆ ಪ್ರಕಟವಾದ ಸ್ಟೂಡೆಂಟ್ ರೆಡಿ ಎಂಬ ಏರ್ಪಾಡಿನ ಮೇರೆಗೆ, ವಿದ್ಯಾರ್ಥಿಗಳು ಕೊನೆಯ ವರ್ಷದಲ್ಲಿ ಕೆಲವು ಕಾಲ ಹಳ್ಳಿಯಲ್ಲಿ ವಾಸಮಾಡಿ ರೈತರ ಸಂಗಡ ಕೆಲಸ ಮಾಡುತ್ತಾರೆ. ಮತ್ತೆ ಕೆಲವು ಕಾಲ ಒಂದು ಪದಾರ್ಥವನ್ನು ತಾವೇ ತಯಾರಿಸಿ, ತಾವೇ ಮಾರಿ, ಜಮಾಖರ್ಚು ಬರೆಯುತ್ತಾರೆ. ಬಂದ ಲಾಭದಲ್ಲಿ ಅವರಿಗೂ ಪಾಲುಂಟು. ಪುಸ್ತಕದಲ್ಲಿ ಓದಿದ ಲಾಭನಷ್ಟಕ್ಕೂ, ಮಾರಾಟವಾಗದೆ ಉಳಿದ ಸರಕನ್ನು ಎದುರಿಗಿಟ್ಟುಕೊಂಡು ಕುಳಿತಾಗ ತಿಳಿಯುವ ನಷ್ಟಕ್ಕೂ ಇರುವ ಅಂತರವು ಆಗ ಅರಿವಾಗುತ್ತದೆ. ಕೃಷಿ ಪದವಿಗೆ ಹೋಗಲಾರದವರು ವಾಣಿಜ್ಯ ಪದವಿಯಲ್ಲಿ ಲೆಕ್ಕಪತ್ರದ ಭಾಗವನ್ನು ಕಲಿಯಬಹುದು. 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದುದರಿಂದ ಈ ಜಿಲ್ಲೆಯವರಿಗೆ ಅದು ಸಮೀಪದಲ್ಲೇ ದೊರೆಯುವಂತಾಗಿದೆ.

ಇಷ್ಟೆಲ್ಲ ಕಲಿತು ಬಂದ ಮಗನೋ ಮಗಳೋ ಮನೆಯಲ್ಲಿ ಮಾಡುವುದೇನು? ಅನೇಕ ಮನೆಗಳಲ್ಲಿ ತೋಟದ ಲೆಕ್ಕವು ಯಜಮಾನರ ನೆನಪಿನಲ್ಲಿಯೂ, ಮಂಡಿಯ ಚೀಟಿಗಳಲ್ಲಿಯೂ ಮಾತ್ರ ಇರುತ್ತದೆ. ಮನೆಯ ಖರ್ಚು, ತೋಟದ ಖರ್ಚು, ಮದುವೆಯ ಖರ್ಚು ಎಲ್ಲವೂ ಒಂದೇ ಚೀಲದಿಂದ ಹೋಗುವಾಗ, ಪದವಿ ಪಡೆದವರಿಗೂ ಯಾವುದರಲ್ಲಿ ಲಾಭ, ಯಾವುದರಲ್ಲಿ ನಷ್ಟ ಎಂಬುದು ಗೋಚರಿಸದು. ಕಲಿತವರಿಗೆ ಲೆಕ್ಕವನ್ನು ಒಪ್ಪಿಸದೆ, ಅವರು ಪಟ್ಟಣದ ಉದ್ಯೋಗವನ್ನೇ ಬಯಸುವರೆಂದು ದೂರುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ಇಡೀ ತೋಟವನ್ನು ಒಮ್ಮೆಗೇ ಬಿಟ್ಟುಕೊಡಬೇಕೆಂದು ಯಾರೂ ಹೇಳುವುದಿಲ್ಲ. ಒಂದು ಕೊಯ್ಲಿನ ಕಾಯಿಯನ್ನೋ, ಬರಿಯ ಚಿಪ್ಪು ಮತ್ತು ನಾರಿನ ಬಾಬನ್ನೋ ಅವರ ವಶಕ್ಕೆ ಕೊಟ್ಟು, ಪ್ರತ್ಯೇಕ ಬ್ಯಾಂಕು ಖಾತೆಯನ್ನೂ ಕಿರ್ದಿ ಪುಸ್ತಕವನ್ನೂ ಇಡಿಸಿ, ಒಂದು ವರ್ಷ ನಡುವೆ ಕೈಹಾಕದೆ ನೋಡಬಹುದು. ಹೆಣ್ಣುಮಕ್ಕಳಿಗೆ ಈ ಅವಕಾಶವನ್ನು ಕೊಡುವವರು ಇನ್ನೂ ಕಡಿಮೆ. ಮನೆಯ ದಿನದಿನದ ಖರ್ಚಿನ ಲೆಕ್ಕವನ್ನು ತೂಗಿಸುತ್ತಿರುವವರು ಅನೇಕ ಕಡೆ ಅವರೇ ಎಂಬುದನ್ನು ಹಿರಿಯರು ಮರೆತಂತಿದೆ.

ಸ್ವಂತ ಉದ್ಯಮವನ್ನು ಹೂಡುವ ಕೃಷಿ ಪದವೀಧರರಿಗಾಗಿ 2002ರಲ್ಲಿ ಕೇಂದ್ರ ಸರ್ಕಾರವು ಕೃಷಿ ಚಿಕಿತ್ಸಾಲಯ ಮತ್ತು ಕೃಷಿ ವ್ಯಾಪಾರ ಕೇಂದ್ರಗಳ ಯೋಜನೆಯನ್ನು ಆರಂಭಿಸಿತು. ಅದರಲ್ಲಿ 45 ದಿನಗಳ ಶಿಕ್ಷಣಕ್ಕೂ, ಬ್ಯಾಂಕಿನ ಸಾಲಕ್ಕೆ ಸೇರಿದಂತೆ ಸಹಾಯಧನಕ್ಕೂ ಅವಕಾಶವಿರುತ್ತದೆ. ನಾಲ್ಕು ವರ್ಷ ಓದಲು ಅನುಕೂಲವಿಲ್ಲದ ಯುವಕರಿಗೆ, 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟಿಯ ಮಾದರಿಯ ಸಂಸ್ಥೆಗಳಲ್ಲಿ ಊಟ ವಸತಿಗಳೊಡನೆ ಉಚಿತವಾದ ಅಲ್ಪಾವಧಿ ತರಬೇತಿ ದೊರೆಯುತ್ತದೆ. ಯಾವ ಮಾರ್ಗವಾಗಿ ಹೋದರೂ ಬ್ಯಾಂಕಿನವರು ಕೇಳುವುದು ಯೋಜನೆಯ ಬರಹವನ್ನು: ಸರಕು ಎಲ್ಲಿಂದ, ಕೊಳ್ಳುವವರು ಯಾರು, ತಿಂಗಳ ಖರ್ಚೆಷ್ಟು, ಧಾರಣೆ ಇಳಿದರೆ ಕಂತು ಕಟ್ಟುವುದು ಹೇಗೆ. ಮೂರು ವರ್ಷದ ತೋಟದ ಲೆಕ್ಕವನ್ನು ಕೈಯಲ್ಲಿ ಹಿಡಿದು ಹೋದವರಿಗೆ ಈ ಬರಹವು ಕಷ್ಟವಾಗದು.

ಶೆಟ್ಟಿಕೆರೆ ಸುತ್ತಿನವರು ಈ ವಿಷಯಗಳನ್ನು ವಿಚಾರಿಸಲು ಬೆಂಗಳೂರಿನವರೆಗೆ ಹೋಗಬೇಕಾದುದಿಲ್ಲ. ಕೃಷಿ ವಿಶ್ವವಿದ್ಯಾನಿಲಯದ ಅಧೀನದಲ್ಲಿರುವ ಕೃಷಿ ವಿಜ್ಞಾನ ಕೇಂದ್ರವು ತಿಪಟೂರು ತಾಲ್ಲೂಕು ಕೊನೇಹಳ್ಳಿಯಲ್ಲಿದೆ. ಹೋಗುವವರು ಕಳೆದ ವರ್ಷದ ಮಂಡಿ ಚೀಟಿಗಳನ್ನೂ, ಕೂಲಿಯ ಲೆಕ್ಕವನ್ನೂ, ಓದುತ್ತಿರುವ ಮಕ್ಕಳನ್ನೂ ಸಂಗಡ ಕರೆದೊಯ್ಯುವುದು ಮೇಲು.